ಜೀಪಿನಲ್ಲಿ ಅತ್ತೆ, ತರಗತಿಯಲ್ಲಿ ಗುಂಡುಕಲ್ಲು

ನಮ್ಮ ಹಿಂದಿನ ಬೀದಿಯ ಹುಡುಗಿಯೊಬ್ಬಳಿಗೆ ಮೊನ್ನೆ ವಿಜ್ಞಾನದ ಮೇಡಂ ಕೆಲಸ ಸಿಕ್ಕಿತು. ಸಿಹಿ ಕೊಡಲು ಬಂದವಳು, "ಅಜ್ಜೀ, ಅಷ್ಟು ವರ್ಷ ಪಾಠ ಮಾಡಿದೋರು ನೀವು, ನಂಗೂ ಏನಾದ್ರೂ ಹೇಳಿ" ಅಂದಳು. ಹೇಳಲು ಕೂತರೆ ಬುದ್ಧಿಮಾತು ಒಂದೂ ನೆನಪಾಗಲಿಲ್ಲ. ನೆನಪಾದದ್ದು ಒಂದು ಹಳೆಯ ಜೀಪು, ಅದರ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತ ನಮ್ಮ ಅತ್ತೆ, ಅರಕಲಗೂಡಿನ ಶಾಲೆಯ ಅಂಗಳದಲ್ಲಿ ರಾಶಿ ಬಿದ್ದಿದ್ದ ರುಬ್ಬುವ ಗುಂಡುಗಳು. ಅದನ್ನೇ ಹೇಳಿದೆ. ಹುಡುಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಹೋದಳು. ಅವಳ ಹಾಗೆ ಹೊಸದಾಗಿ ಕೆಲಸಕ್ಕೆ ಸೇರುವವರು ಇನ್ನೂ ಇದ್ದಾರಲ್ಲ, ಅವರಿಗೂ ಇರಲಿ ಎಂದು ಬರೆಯುತ್ತಿದ್ದೇನೆ. ನನಗೆ ಯಾವಾಗ ಖಾಯಂ ಆಯಿತು, ಯಾವಾಗ ಬಡ್ತಿ ಬಂತು ಎಂಬುದೆಲ್ಲ ಪೆನ್ಷನ್ನಿನ ಕಾಗದಗಳಲ್ಲಿದೆ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹಾಸನದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಉಪಾಧ್ಯಾಯಿನಿ. ಮೇಲಿನವರಿಗೆ ಆಗ ಒಂದು ಯೋಚನೆ ಬಂತು. ಮಕ್ಕಳಿಗೆ ಭೂಮಿಯ ಪಾಠ ಹೇಳುವ ಮೇಷ್ಟರುಗಳು ಭೂಮಿಯನ್ನು ಬಗ್ಗಿ ನೋಡಿದವರಲ್ಲ. ಬಗ್ಗಿ ನೋಡಿದ ವಿಜ್ಞಾನಿಗಳಿಗೆ ಮಕ್ಕಳ ಜೊತೆ ಮಾತಾಡಲು ಬರುವುದಿಲ್ಲ. ಒಬ್ಬ ವಿಜ್ಞಾನಿಗೆ ಒಬ್ಬ ಮೇಷ್ಟರನ್ನು ಗಂಟುಹಾಕಿ ಒಂದು ವರ್ಷ ಊರೂರು ಸುತ್ತಿಸಿದರೆ ಇಬ್ಬರಿಗೂ ಬುದ್ಧಿ ಬರುತ್ತದೆ, ಮಕ್ಕಳಿಗೂ ಉಪಕಾರವಾಗುತ್ತದೆ. ನಮ್ಮ ಜಿಲ್ಲೆಯ ಪಾಲಿಗೆ ಬೆಂಗಳೂರಿನಿಂದ ಡಾಕ್ಟರ್ ನಾಗಭೂಷಣ ಎಂಬ ಭೂವಿಜ್ಞಾನಿ ಬರುವುದೆಂದು ಗೊತ್ತಾಯಿತು. ಅವರ ಜೊತೆಗೆ ಸೈನ್ಸ್ ಓದಿ ಇಂಟರ್‌ಮೀಡಿಯಟ್ ಪಾಸಾದ ಮೇಷ್ಟರು ಬೇಕಿತ್ತು. ಸುತ್ತಮುತ್ತ ಹುಡುಕಿದರು. ಇದ್ದ ಇಬ್ಬರು ಗಂಡಸರಲ್ಲಿ ಒಬ್ಬರಿಗೆ ಜೀಪಿನಲ್ಲಿ ಕೂತರೆ ವಾಂತಿ, ಇನ್ನೊಬ್ಬರಿಗೆ ಮನೆಯಲ್ಲಿ ಹೆರಿಗೆ. ಹಾಗೆ ಅದು ನನ್ನ ಕೊರಳಿಗೆ ಬಿತ್ತು.

ಮನೆಯಲ್ಲಿ ಹೇಳಿದೆ. ನಮ್ಮ ಮನೆಯವರದು ಬಟ್ಟೆ ಅಂಗಡಿ, ಅವರು ಎಲ್ಲದಕ್ಕೂ "ಅಮ್ಮನ್ನ ಕೇಳು" ಅನ್ನುವ ಪೈಕಿ. ಅತ್ತೆ ಪದ್ಮಾವತಮ್ಮನವರು ಜಿನನಾಥಪುರದ ಹೆಣ್ಣುಮಗಳು, ಜೈನರ ಆಚಾರದಲ್ಲಿ ಒಂದಿಷ್ಟೂ ಆಚೀಚೆ ಆಗದವರು. ಸೋಸದ ನೀರು ಕುಡಿಯುವವರಲ್ಲ, ಹೊತ್ತು ಮುಳುಗಿದ ಮೇಲೆ ಊಟ ಮುಟ್ಟುವವರಲ್ಲ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, "ಗೊತ್ತಿಲ್ಲದ ಗಂಡಸಿನ ಜೊತೆ ಊರೂರು ತಿರುಗ್ಬೇಕಾ?" ಅಂದರು.

"ಸರ್ಕಾರದ ಕೆಲಸ ಅತ್ತೆಮ್ಮಾ."

"ಸರ್ಕಾರದ್ದೇ ಇರ್ಲಿ ಕಣೇ. ಬೇಡ ಅಂದೋರು ಯಾರು? ನಾನೂ ಬತ್ತೀನಿ."

ಸೋಮವಾರ ಬೆಳಿಗ್ಗೆ ಮನೆ ಮುಂದೆ ಜೀಪು ನಿಂತಿತು. ನಾಗಭೂಷಣರು ಇಳಿದರು. ಸಣಕಲು ಮನುಷ್ಯ, ದಪ್ಪ ಕನ್ನಡಕ, ಸೊಂಟಕ್ಕೆ ಒಂದು ಸುತ್ತಿಗೆ. ಅವರು ನನಗೆ ನಮಸ್ಕಾರ ಹೇಳುವಷ್ಟರಲ್ಲಿ ಅತ್ತೆ ಟಿಫನ್ ಕ್ಯಾರಿಯರು, ಬಾಯಿಗೆ ಬಟ್ಟೆ ಕಟ್ಟಿದ ಹಿತ್ತಾಳೆ ತಂಬಿಗೆ, ಕೂರಲು ಒಂದು ಚಾಪೆ ಎಲ್ಲ ಹಿಡಿದು ಹಿಂದಿನ ಸೀಟು ಹತ್ತಿ ಆಗಿತ್ತು.

"ಅಮ್ಮ ಎಲ್ಲಿಯವರೆಗೆ?" ಎಂದು ನಾಗಭೂಷಣರು ಮೆಲ್ಲಗೆ ಕೇಳಿದರು.

"ನೀವು ಎಲ್ಲೀವರ್ಗೋ ಅಲ್ಲೀವರ್ಗೆ" ಅಂದರು ಅತ್ತೆ.

ಮೊದಲನೆಯ ಪಾಠ ಹೊಳೆನರಸೀಪುರದಲ್ಲಿ. ಪಾಠ ಅವರು ಹೇಳುವುದು, ನಾನು ಪಕ್ಕದಲ್ಲಿದ್ದು ಮಕ್ಕಳಿಗೆ ಅರ್ಥವಾಯಿತೇ ಎಂದು ನೋಡುವುದು ಎಂದು ಮಾತಾಗಿತ್ತು. ಅತ್ತೆ ಹಿಂದಿನ ಗೋಡೆಯ ಪಕ್ಕ ಚಾಪೆ ಹಾಸಿಕೊಂಡು ಕೂತರು. ನಾಗಭೂಷಣರು ಗಂಟಲು ಸರಿಮಾಡಿಕೊಂಡು, "ಮಕ್ಕಳೇ, ಭೂಮಿಯ ಅಂತರಾಳದ ಉಷ್ಣಾಧಿಕ್ಯದ ದೆಸೆಯಿಂದ ದ್ರವೀಭೂತವಾದ ಶಿಲಾಪಾಕವು" ಎಂದು ಆರಂಭಿಸಿದರು. ಆ ವಾಕ್ಯ ಮುಗಿಯುವ ಹೊತ್ತಿಗೆ ಕಿಟಕಿಯಾಚೆ ಒಂದು ಎತ್ತಿನಗಾಡಿ ಬಂದು ಹೋಗಿಯೂ ಆಗಿತ್ತು. ಹುಡುಗರು ಕೈಕಟ್ಟಿಕೊಂಡು ಬೊಂಬೆಗಳಂತೆ ಕೂತಿದ್ದರು. ಆ ನಿಶ್ಶಬ್ದದಲ್ಲಿ ಹಿಂದಿನಿಂದ ಗೊರಕೆ ಕೇಳಿಸಿತು. ನಾನು ತಲೆ ಎತ್ತಲಿಲ್ಲ.

ಪಾಠ ಮುಗಿಸಿ ಅವರು, "ಅರ್ಥವಾಯಿತೇ?" ಎಂದರು. ಇಡೀ ತರಗತಿ "ಊಂ ಸಾ" ಅಂದಿತು. ಅವರಿಗೆ ಬಹಳ ಸಂತೋಷವಾಯಿತು. ಮುಂದಿನ ಸಾಲಿನವನೊಬ್ಬನನ್ನು ಎಬ್ಬಿಸಿ, "ಏನು ಅರ್ಥವಾಯಿತು, ಹೇಳು ನೋಡೋಣ" ಎಂದರು.

"ಅಜ್ಜಿ ನಿದ್ದೆ ಮಾಡ್ಬುಟ್ರು ಸಾ" ಅಂದ ಅವನು.

ಹೊರಗೆ ಬಂದ ಮೇಲೆ ನಾಗಭೂಷಣರು ನೇರವಾಗಿ ಅತ್ತೆಯನ್ನೇ ಕೇಳಿದರು, "ಪಾಠ ಹೇಗಿತ್ತಮ್ಮ?"

"ಚೆನ್ನಾಗಿತ್ತು ಕಣಪ್ಪಾ. ನಿಮ್ ಧ್ವನಿ ತಂಪು. ನಂಗೆ ಹಗಲು ನಿದ್ದೆ ಬಂದು ಎಷ್ಟೋ ವರ್ಷ ಆಗಿತ್ತು."

ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಅವರು ಯೋಚಿಸುತ್ತ ಜೀಪು ಹತ್ತಿದರು. ನನಗೆ ಪಾಪ ಅನ್ನಿಸಿ ಸಮಾಧಾನ ಹೇಳಲು ಹೊರಟೆ. ತಪ್ಪು ನಿಮ್ಮದಲ್ಲ ಸಾರ್, ಪಠ್ಯಪುಸ್ತಕದ್ದು ಅಂದೆ. ಆ ಪಾಠದ ಮೇಲೆ ನನಗೆ ಹಳೆಯ ಸಿಟ್ಟಿತ್ತು. ಅದರಲ್ಲಿ ಬರುವುದೆಲ್ಲ ಇಟಲಿಯ ಜ್ವಾಲಾಮುಖಿ, ಇಂಗ್ಲೆಂಡಿನ ಸಮುದ್ರತೀರದ ಬಿಳಿ ಸೀಮೆಸುಣ್ಣದ ಬಂಡೆ. ನಮ್ಮ ಮಕ್ಕಳಿಗೆ ಸಮುದ್ರವೂ ಗೊತ್ತಿಲ್ಲ, ಬಿಳಿ ಬಂಡೆಯೂ ಗೊತ್ತಿಲ್ಲ. "ಇದನ್ನ ಬರೆದ ಮಹಾನುಭಾವ ಯಾವನೋ ಕಾಲಿಗೆ ಮಣ್ಣು ತಾಗಿಸಿಕೊಂಡವನಲ್ಲ ಸಾರ್, ಕುರ್ಚಿಯಲ್ಲಿ ಕೂತು ಇಂಗ್ಲಿಷ್ ಪುಸ್ತಕ ನೋಡಿ ಇಳಿಸಿದ್ದಾನೆ" ಎಂದು ಹಾಸನ ಬರುವವರೆಗೂ ಬೈದೆ. ನಾಗಭೂಷಣರು ರಸ್ತೆಯ ಬದಿಯ ಹುಣಸೆಮರಗಳನ್ನು ನೋಡುತ್ತ "ಹೂಂ, ಹೂಂ" ಅನ್ನುತ್ತಿದ್ದರು. ಎಂಥ ಒಳ್ಳೆಯ ಮನುಷ್ಯ, ಯಾರನ್ನೂ ದೂರುವುದಿಲ್ಲವಲ್ಲ ಅಂದುಕೊಂಡೆ. ಮುಂದೆ ಎಷ್ಟೋ ಸಲ ಅದೇ ಬೈಗುಳವನ್ನು ಅವರ ಮುಂದೆ ಹೊಸ ಹೊಸ ರೀತಿಯಲ್ಲಿ ಬೈದಿದ್ದೇನೆ.

ಆವತ್ತಿನಿಂದ ಅವರು ಪಾಠ ಮಾಡುವಾಗ ಮಕ್ಕಳ ಮುಖ ಬಿಟ್ಟು ಅತ್ತೆಯ ರೆಪ್ಪೆ ನೋಡತೊಡಗಿದರು. ಮಕ್ಕಳು ಮರ್ಯಾದೆಗೆ ಎಚ್ಚರವಿರುತ್ತಾರೆ, ಅತ್ತೆಗೆ ಆ ಕಷ್ಟವಿಲ್ಲ ಎಂಬುದು ಅವರಿಗೆ ತಿಳಿದುಹೋಗಿತ್ತು. ಸಾಲಗಾಮೆಯಲ್ಲಿ "ಶೈಥಿಲ್ಯ" ಎಂಬ ಮಾತು ಬಾಯಿಂದ ಬಂದದ್ದೇ ಅತ್ತೆಯ ತಲೆ ಒಂದು ಸಲ ವಾಲಿತು. ಇವರು ಅಲ್ಲೇ ತಡೆದು, "ಅಂದರೆ ಮಕ್ಕಳೇ, ಬಂಡೆ ಬಿಸಿಲು ಮಳೆಗೆ ಸಿಕ್ಕಿ ಹಳೇ ಗೋಡೆಯ ಗಾರೆ ಉದುರಿದ ಹಾಗೆ ಉದುರೋದು" ಅಂದರು. ತಲೆ ನೆಟ್ಟಗಾಯಿತು. ನಾನು ಟ್ರೈನಿಂಗಿನಲ್ಲಿ ಎರಡು ವರ್ಷ ಬೋಧನಾ ವಿಧಾನ ಓದಿದ್ದೆ. ಇಷ್ಟು ಖಚಿತವಾದ ವಿಧಾನ ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ದಂಡಿಗನಹಳ್ಳಿಯಲ್ಲಿ ಮಣ್ಣಿನ ಪದರಗಳ ಪಾಠ. ಶಾಲೆಯ ಬಯಲಿನಲ್ಲಿ ಎದೆಯುದ್ದದ ಗುಂಡಿ ತೋಡಿಸಬೇಕೆಂದು ನಾಗಭೂಷಣರು ಹಾರೆ ಗುದ್ದಲಿ ತರಿಸಿದ್ದರು. ಅತ್ತೆ ಚಾಪೆಯಿಂದ ಎದ್ದು ಬಂದರು.

"ಯಾತಕ್ಕಪ್ಪಾ ಗುಂಡಿ?"

"ಒಳಗೆ ಯಾವ ಯಾವ ಮಣ್ಣಿದೆ ಅಂತ ಮಕ್ಕಳಿಗೆ ತೋರಿಸೋಕಮ್ಮ."

"ಒಳಗೆ ಇರುವೆ, ಗೊದ್ದ, ಎರೆಹುಳ ಎಲ್ಲ ಸಂಸಾರ ಮಾಡ್ಕೊಂಡಿರ್ತಾವೆ. ಪಾಠಕ್ಕೋಸ್ಕರ ಅವುಗಳ ಮನೆ ಕೆಡವ್ಬೇಕಾ? ಈಗಾಗ್ಲೇ ಯಾರಾದ್ರೂ ತೋಡಿರೋ ಗುಂಡೀಗೆ ಹೋಗಿ ನೋಡಿ."

ನಾಗಭೂಷಣರು ಗುದ್ದಲಿ ಕೆಳಗಿಟ್ಟರು. ಪಕ್ಕದ ಹೊಲದಲ್ಲಿ ರೈತರೊಬ್ಬರು ಬಾವಿ ತೋಡಿಸುತ್ತಿದ್ದರು. ಮಕ್ಕಳನ್ನು ಅಲ್ಲಿಗೆ ಸಾಲಾಗಿ ಕರೆದುಕೊಂಡು ಹೋದೆವು. ಮೇಲೆ ಕಪ್ಪು ಮಣ್ಣು, ಕೆಳಗೆ ಕೆಂಪು, ಅದರ ಕೆಳಗೆ ಗರಸು, ಇನ್ನೂ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕಲ್ಲು, ಎಲ್ಲ ಒಂದರ ಕೆಳಗೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ನಾವು ತೋಡಿಸುವ ಎದೆಯುದ್ದದ ಗುಂಡಿಯಲ್ಲಿ ಅದರ ಅರ್ಧವೂ ಕಾಣುತ್ತಿರಲಿಲ್ಲ. ಬಾವಿಯ ಯಜಮಾನರು ಮಾತ್ರ ನಾಗಭೂಷಣರನ್ನು ಬಿಡಲಿಲ್ಲ.

"ನೀರು ಬತ್ತದಾ ಸಾ?"

"ಬರಬಹುದು. ಖಚಿತವಾಗಿ ಹೇಳೋದು ಕಷ್ಟ."

"ಬರ್ಬೌದು ಅಂತ ನಾನೂ ಅಂದ್ಕಂಡೇ ತೋಡುಸ್ತಾ ಇರಾದು. ಅಷ್ಟಕ್ಕೆ ಅಷ್ಟೊಂದ್ ಓದ್ಬೇಕಿತ್ತಾ ಸಾ?"

ಈ ಮಾತುಕತೆಯಲ್ಲಿ ಹೊತ್ತು ಇಳಿಯಿತು. ಹಿಂತಿರುಗುವಾಗ ದಾರಿಯ ಮಧ್ಯೆ ಜೀಪು ಕೆಮ್ಮಿ ನಿಂತಿತು. ಡ್ರೈವರು ಬಾನೆಟ್ಟಿನೊಳಗೆ ತಲೆ ಇಟ್ಟರೆ, ಅತ್ತೆ ಪಶ್ಚಿಮಕ್ಕೆ ಕಣ್ಣಿಟ್ಟು ರಸ್ತೆ ಬದಿಯಲ್ಲೇ ಚಾಪೆ ಹಾಸಿ ಕ್ಯಾರಿಯರು ಬಿಚ್ಚಿದರು. "ಸೂರ್ಯ ನಮ್ಮ ಜೀಪಿಗೋಸ್ಕರ ಕಾಯಲ್ಲ. ಬನ್ನಿ ನಾಗಭೂಷಣಪ್ಪ, ನೀವೂ ಕೂತ್ಕೊಳ್ಳಿ." ಅವರಿಗೆ ರಾತ್ರಿ ಬಹಳ ಹೊತ್ತಾದ ಮೇಲೆ ಉಣ್ಣುವ ಅಭ್ಯಾಸ. ಆದರೂ ಕೂತು ಅಕ್ಕಿರೊಟ್ಟಿ, ಹುರುಳಿಕಾಳಿನ ಪಲ್ಯ ತಿಂದರು. ಬಹುಕಾಲದ ಹೊಟ್ಟೆ ಉರಿತ ಆ ರಾತ್ರಿ ಬರಲಿಲ್ಲವಂತೆ. ಮಾರನೆಯ ದಿನದಿಂದ ಅವರು ಹೊತ್ತು ಇಳಿಯುವ ಮುಂಚೆ ತಾವೇ ಪಾಠ ಮುಗಿಸಿ, "ಅಮ್ಮಾ, ಕ್ಯಾರಿಯರು" ಅನ್ನಲು ಕಲಿತರು.

ಈಗ ಅರಕಲಗೂಡಿನ ಪ್ರಸಂಗ. ಅಲ್ಲಿನ ಹೆಡ್ಮಾಸ್ಟರು ಪುಟ್ಟಸ್ವಾಮಪ್ಪನವರು ಉತ್ಸಾಹದ ಬುಗ್ಗೆ. ಏನು ಹೇಳಿದರೂ ಅದರ ಎರಡರಷ್ಟು ಮಾಡುವವರು. ಶುಕ್ರವಾರದ ಪಾಠದ ಕೊನೆಯಲ್ಲಿ ನಾಗಭೂಷಣರು, "ನಾಳೆ ಎಲ್ಲರೂ ನಿಮ್ಮ ಮನೆಯಲ್ಲಿ ದಿನಾ ಬಳಸೋ ಒಂದು ಕಲ್ಲು ತನ್ನಿ" ಅಂದರು. ಅವರ ಮನಸ್ಸಿನಲ್ಲಿದ್ದದ್ದು ಬಳಪ, ಸ್ಲೇಟು, ಮಚ್ಚು ಮಸೆಯುವ ಕಲ್ಲಿನ ಚೂರು, ಇಂಥವು. ಪುಟ್ಟಸ್ವಾಮಪ್ಪನವರು ಅಂದು ಸಂಜೆಯ ಪ್ರಾರ್ಥನೆಯ ಹೊತ್ತಿನಲ್ಲಿ ಅದನ್ನೇ ಇಡೀ ಶಾಲೆಗೆ ಸಾರಿ, "ತರದೇ ಬಂದೋರು ಒಳಗೆ ಕಾಲಿಡಬಾರದು" ಎಂದು ಸೇರಿಸಿಬಿಟ್ಟರು.

ಶನಿವಾರ ಬೆಳಿಗ್ಗೆ ನಮ್ಮ ಜೀಪು ಶಾಲೆಯ ಬೀದಿಗೆ ತಿರುಗಿದಾಗ ಕಂಡದ್ದನ್ನು ನಾನು ಮರೆಯುವ ಹಾಗಿಲ್ಲ. ಮಕ್ಕಳು ರುಬ್ಬುವ ಗುಂಡುಗಳನ್ನು ಹೊತ್ತು ತರುತ್ತಿದ್ದರು. ಕೆಲವರು ತಲೆಯ ಮೇಲೆ ಸಿಂಬಿ ಇಟ್ಟು, ಕೆಲವರು ಇಬ್ಬಿಬ್ಬರು ಗೋಣಿಚೀಲದಲ್ಲಿ ತೂಗುಹಾಕಿಕೊಂಡು, ಇನ್ನು ಕೆಲವರು ಬೀದಿಯುದ್ದಕ್ಕೂ ಕಾಲಿನಲ್ಲಿ ಉರುಳಿಸಿಕೊಂಡು. ಮನೆಯಲ್ಲಿ ದಿನಾ ಬಳಸುವ ಕಲ್ಲು ಅಂದರೆ ಬೇರೆ ಯಾವುದು ತಾನೇ ಇದೆ? ಹೆಡ್ಮಾಸ್ಟರು ಮಾದರಿಯಾಗಿರಲಿ ಎಂದು ತಮ್ಮ ಮನೆಯ ಗುಂಡನ್ನು ಜವಾನನ ಕೈಲಿ ಎಲ್ಲರಿಗಿಂತ ಮೊದಲೇ ತರಿಸಿದ್ದರು.

ನಾಗಭೂಷಣರಿಗೆ ಆದ ಆನಂದ ಹೇಳತೀರದು. ಪ್ರತಿ ಗುಂಡನ್ನೂ ತಟ್ಟಿ, ನೀರು ಚಿಮುಕಿಸಿ, ಕನ್ನಡಕ ಮೇಲೇರಿಸಿ ನೋಡಿದರು. ಮಕ್ಕಳಿಂದಲೇ ಬಣ್ಣದ ಪ್ರಕಾರ ಬೇರೆ ಮಾಡಿಸಿದರು. ಬಿಳಿ ಚುಕ್ಕೆಯವು ಒಂದು ಕಡೆ, ಕಪ್ಪು ಇನ್ನೊಂದು ಕಡೆ, ತಿಳಿಗೆಂಪು ಮತ್ತೊಂದು ಕಡೆ. ಗುಂಡುಗಳಿಗೆ ಅಂಟಿಸಿದ್ದ ಹೆಸರಿನ ಚೀಟಿಗಳೆಲ್ಲ ಈ ನೀರಿನಲ್ಲಿ ನೆನೆದು ಹೋದದ್ದನ್ನು ನಾನಾದರೂ ನೋಡಬೇಕಿತ್ತು. ನೋಡಲಿಲ್ಲ. ಏಕೆಂದರೆ ಪಾಠ ಅಷ್ಟು ಚೆನ್ನಾಗಿತ್ತು. ಕಲ್ಲಿನೊಳಗಿನ ಹೊಳೆಯುವ ಕಣ, ಕಪ್ಪು ಕಣ, ಇವೆಲ್ಲ ಒಂದು ಕಾಲಕ್ಕೆ ಬೆಲ್ಲದ ಪಾಕದ ಹಾಗೆ ಕುದಿಯುತ್ತಿದ್ದವು, ನಿಧಾನಕ್ಕೆ ಆರುವಾಗ ಹರಳುಗಟ್ಟಿದವು ಅಂದಾಗ ಒಬ್ಬ ಹುಡುಗ ತನ್ನ ಮನೆಯ ಗುಂಡನ್ನು ಮುಟ್ಟಿ, ಇನ್ನೂ ಬಿಸಿ ಇದೆಯೇನೋ ಎಂಬಂತೆ ಕೈ ಹಿಂದಕ್ಕೆ ಎಳೆದುಕೊಂಡ. ಅತ್ತೆ ರೆಪ್ಪೆ ಹೊಡೆಯಲಿಲ್ಲ. ಗಂಟೆ ಹೊಡೆಯಿತು. ಶನಿವಾರದ ಅರ್ಧ ದಿನದ ಶಾಲೆ. ಮಕ್ಕಳು ಗುಂಡುಗಳನ್ನು ಅಲ್ಲೇ ಬಿಟ್ಟು ಮನೆಗೆ ಓಡಿದರು.

ಮಧ್ಯಾಹ್ನ ನಾವು ಹೆಡ್ಮಾಸ್ಟರ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಹೊರಗೆ ಗದ್ದಲ. ಕಿಟಕಿಯಿಂದ ನೋಡಿದರೆ ಅಂಗಳದ ತುಂಬ ಹೆಂಗಸರು. ಮುಂದೆ ನಿಂತಿದ್ದವರು ಪುಟ್ಟಸ್ವಾಮಪ್ಪನವರ ಹೆಂಡತಿಯೇ. ಹೆಡ್ಮಾಸ್ಟರು ಅದನ್ನು ಕಂಡು ಕುರ್ಚಿಯಿಂದ ಏಳಲೇ ಇಲ್ಲ. "ಮೇಡಂ, ಹೆಂಗಸರ ವಿಷಯ, ನೀವೇ ಹೋಗಿ ಬನ್ನಿ" ಎಂದು ನನ್ನನ್ನೇ ಮುಂದೆ ಮಾಡಿದರು.

"ನೆನೆಯಾಕಿದ್ ಅಕ್ಕಿ ಉಳಿ ಬತ್ತಾ ಕುಂತದೆ. ನಮ್ ಗುಂಡು ಎಲ್ಲವ್ವಾ?"

"ಇಸ್ಕೂಲ್‌ಗೆ ಗುಂಡು ಯಾಕ್ ಬೇಕು? ಮೇಷ್ಟ್ರುಗಳು ದ್ವಾಸೆ ಉಯ್ಯಾಕ್ ಕಲುಸ್ತಾರಾ?"

ನಾಗಭೂಷಣರು ಧೈರ್ಯ ಮಾಡಿ ಹೊರಬಂದು, "ಗಾಬರಿ ಬೇಡ ತಾಯಂದಿರೇ, ಕಲ್ಲುಗಳನ್ನು ಗುರುತಿಸೋದೇ ನನ್ನ ಕೆಲಸ" ಎಂದರು. ಒಬ್ಬೊಬ್ಬರೂ ತಮ್ಮ ಗುಂಡಿನ ಲಕ್ಷಣ ಹೇಳಿದರು. ಉರುಟಾಗಿದೆ. ಬೂದು ಬಣ್ಣ. ಒಂದು ಕಡೆ ಸವೆದಿದೆ. ಎಲ್ಲರದೂ ಉರುಟು, ಎಲ್ಲರದೂ ಒಂದು ಕಡೆ ಸವೆದದ್ದು. ನಾಗಭೂಷಣರು ಒಂದೊಂದನ್ನೇ ಎತ್ತಿ ನೋಡಿ ಕೊನೆಗೆ ಬೆವರು ಒರೆಸಿಕೊಂಡು ನನ್ನ ಕಿವಿಯಲ್ಲಿ, "ಎಲ್ಲ ಒಂದೇ ಬಂಡೆಯ ಮಕ್ಕಳು ಚಂದ್ರಮತಿಯವರೇ. ಇದರಲ್ಲಿ ವಿಜ್ಞಾನ ಏನೂ ಮಾಡೋಕಾಗಲ್ಲ" ಎಂದರು. ಹೆಂಗಸರೂ ಅಷ್ಟೇ. ಒಂದೇ ಗುಂಡನ್ನು ಮೂವರು "ನಂದು ಕಣ್ ಬಿಡಮ್ಮಿ" ಎಂದು ತಬ್ಬಿಕೊಂಡಿದ್ದರು.

ಆಗ ಅತ್ತೆ ಮಧ್ಯಕ್ಕೆ ಹೋಗಿ ನಿಂತರು. "ನೋಡ್ರಮ್ಮಾ, ಒಬ್ಬೊಬ್ರು ಒಂದೊಂದು ಎತ್ಕೊಂಡು ಹೋಗಿ ಇವತ್ತಿನ ಹಿಟ್ಟು ರುಬ್ಕೊಳ್ಳಿ. ಒರಳಿಗೆ ಒಗ್ಗಿದ್ರೆ ಇಟ್ಕೊಳ್ಳಿ. ಒಗ್ಗದಿದ್ರೆ ಅಕ್ಕಪಕ್ಕದ ಮನೇಲಿ ಬದಲಾಯಿಸ್ಕೊಳ್ಳಿ. ಹೊತ್ತು ಹೋಗ್ತಾ ಇದೆ."

ಅವರಿಗೆ ಹೊತ್ತಿನ ಚಿಂತೆ ಊಟದ್ದು, ಅಂಗಳದವರಿಗೆ ಹಿಟ್ಟಿನದು. ಮಾತು ನಡೆಯಿತು. ಆಮೇಲೆ ವಾರಗಟ್ಟಲೆ ಅರಕಲಗೂಡಿನಲ್ಲಿ ಗುಂಡುಗಳು ಮನೆಯಿಂದ ಮನೆಗೆ ಉರುಳಾಡಿದವಂತೆ. ಮಾತು ಬಿಟ್ಟಿದ್ದ ಓರಗಿತ್ತಿಯರಿಬ್ಬರು ಗುಂಡು ಬದಲಾಯಿಸುವ ನೆಪದಲ್ಲಿ ಮಾತಾಡತೊಡಗಿದರಂತೆ. ಹೆಡ್ಮಾಸ್ಟರ ಮನೆಗೆ ಮಾತ್ರ ಒರಳಿನಲ್ಲಿ ಸುತ್ತದ ಗುಂಡೊಂದು ಬಂದು ಸೇರಿತ್ತು. ಅದನ್ನು ಬದಲಾಯಿಸಿಕೊಳ್ಳಲು ಅವರ ಹೆಂಡತಿ ಒಪ್ಪಲಿಲ್ಲ. ರುಬ್ಬುವ ಕೆಲಸವನ್ನು ಗಂಡನಿಗೇ ಬಿಟ್ಟರು.

ಈ ಸುದ್ದಿ ಜಿಲ್ಲೆಯೆಲ್ಲ ಹಬ್ಬಿ ಶಾಲೆಗಳ ಇನ್ಸ್‌ಪೆಕ್ಟರ ಕಿವಿಗೂ ಬಿತ್ತು. ಚನ್ನರಾಯಪಟ್ಟಣದಲ್ಲಿ ತಾವೇ ಕೂತು ಪಾಠ ನೋಡುವುದಾಗಿ ಹೇಳಿಕಳಿಸಿದರು. ನಾವು ಹೆದರಲಿಲ್ಲ. ಆ ಊರಿನ ಮಕ್ಕಳು ಬಹಳ ಚುರುಕು. ಅದರಲ್ಲೂ ಜಯಮ್ಮ ಎಂಬ ಹುಡುಗಿ, ವೀಳ್ಯದೆಲೆ ಅಂಗಡಿಯವರ ಮಗಳು. ಆ ವರ್ಷ ಅವಳಿಗೆ ಮಿಡ್ಲ್ ಸ್ಕೂಲಿನ ಪಬ್ಲಿಕ್ ಪರೀಕ್ಷೆ. ಅವಳ ತಂದೆ ನನಗೆ ಅಂಗಡಿಯಲ್ಲೇ ನಿಂತು ಹೇಳಿದ್ದರು, "ಪಾಸಾದ್ರೆ ಐಸ್ಕೂಲ್‌ಗೆ ಕಳುಸ್ತೀನಿ ಮೇಡಮ್ಮೋರೆ. ಫೇಲಾದ್ರೆ ಇಲ್ಲೇ ಎಲೆ ಎಣ್ಸ್‌ಕಂಡು ಕೂರ್ಲಿ." ಬಾಯಿಮಾತಿಗೆ ಹೇಳಿದ್ದಲ್ಲ. ಆಗ ಫೇಲಾದ ಹೆಣ್ಣುಮಗು ಮತ್ತೆ ಶಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಆ ತರಗತಿಯನ್ನು ಹಿಂದಿನ ವಾರವಷ್ಟೇ ಜಿನನಾಥಪುರಕ್ಕೆ ಕರೆದುಕೊಂಡು ಹೋಗಿದ್ದೆವು. ಬೆಳಗೊಳದ ಬೆಟ್ಟದ ಬಂಡೆ ಉಳಿಗೆ ಬಗ್ಗದಷ್ಟು ಗಟ್ಟಿ, ಅಲ್ಲೇ ಪಕ್ಕದ ಜಿನನಾಥಪುರದ ಬಸದಿ ಮೆತ್ತನೆಯ ಬಳಪದ ಕಲ್ಲು, ಅದಕ್ಕೇ ಅಷ್ಟು ಕುಸುರಿ ಕೆತ್ತನೆ ಎಂದು ನಾಗಭೂಷಣರು ಹೇಳಿದಾಗ ಎಲ್ಲರಿಗಿಂತ ಹೆಚ್ಚು ಬೆರಗಾದವರು ಅತ್ತೆ. "ಸ್ಲೇಟಿನ ಮೇಲೆ ಬರೆಯೋ ಬಳಪವಾ? ಹುಟ್ಟಿದಾಗಿಂದ ಇದೇ ಗೋಡೆ ಸುತ್ತಿದೀನಿ, ಒಂದಿನವೂ ಯಾರೂ ಹೇಳಲಿಲ್ಲವಲ್ಲ" ಎಂದು ಗೋಡೆಯನ್ನು ಬಹಳ ಹೊತ್ತು ಸವರುತ್ತ ನಿಂತಿದ್ದರು.

ಇನ್ಸ್‌ಪೆಕ್ಟರು ಬಂದರು. ಕೋಟು, ಟರ್ಬನ್, ಕೈಯಲ್ಲಿ ಪಠ್ಯಪುಸ್ತಕ. ಪಾಠವನ್ನೆಲ್ಲ ಕೇಳಿ ಪುಸ್ತಕ ತೆರೆದು ಜಯಮ್ಮನನ್ನೇ ಎಬ್ಬಿಸಿದರು.

"ಶಿಲೆಗಳಲ್ಲಿ ಎಷ್ಟು ವಿಧ?"

"ಮೂರು ಸಾ."

"ಯಾವುವು?"

"ರುಬ್ಬಾಕ್ ಬರಾದು, ಕೆತ್ತಾಕ್ ಬರಾದು, ಬರಿಯಾಕ್ ಬರಾದು."

"ಅಗ್ನಿಶಿಲೆ, ಜಲಜಶಿಲೆ, ರೂಪಾಂತರಶಿಲೆ. ಇವು ಗೊತ್ತಿಲ್ಲವೇ?"

"ಅವುನ್ನ ನಾವು ನೋಡಿಲ್ಲ ಸಾ" ಅಂದಳು ಜಯಮ್ಮ, ಬಹಳ ವಿನಯದಿಂದ.

ಇನ್ಸ್‌ಪೆಕ್ಟರು ಪುಸ್ತಕ ಮಡಚಿ ನಮ್ಮ ಕಡೆ ತಿರುಗಿದರು. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿಕೊಡಿ ಅಂದವರು ಯಾರು ಎಂದು ಕೇಳಿದರು. ನನಗೆ ವಯಸ್ಸು ಚಿಕ್ಕದು, ನಾಲಿಗೆ ಉದ್ದ. "ಸಾರ್, ಆ ಪಾಠ ಬರೆದವರಿಗೆ ನಮ್ಮ ನೆಲದ ಪರಿಚಯವೇ ಇಲ್ಲ" ಅಂದುಬಿಟ್ಟೆ.

"ಏನಮ್ಮಾ ಹಾಗಂದರೆ? ಅದನ್ನು ಬರೆದವರು ವಿಲಾಯಿತಿಗೆ ಹೋಗಿ ಓದಿ ಬಂದ ವಿಜ್ಞಾನಿಗಳಂತೆ. ಡಾಕ್ಟರೇ, ನೀವಾದರೂ ಹೇಳಿ. ಅವರಿಗಿಂತ ಹೆಚ್ಚು ತಿಳಿದವರೋ ನೀವು?"

ನಾಗಭೂಷಣರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಇಲ್ಲ ಸಾರ್. ಅವರಿಗಿಂತ ಹೆಚ್ಚು ತಿಳಿದವನಲ್ಲ."

"ಮತ್ತೆ?"

"ಆ ಪಾಠ ಬರೆದವನು ನಾನೇ."

ಚಾಪೆಯ ಮೇಲಿಂದ ಅತ್ತೆಯ ಧ್ವನಿ ಬಂತು. "ಅಯ್ಯೋ ಶಿವನೇ, ವರ್ಷಪೂರ್ತಿ ಇವಳು ಅಷ್ಟೊಂದು ಬಯ್ತಿದ್ರೂ ಅದಕ್ಕೇ ಸುಮ್ನೆ ಕೂತಿರ್ತಿದ್ರಾ ನಾಗಭೂಷಣಪ್ಪಾ?" ಜೈನರ ಬಾಯಲ್ಲಿ ಶಿವನ ಹೆಸರು ಬರುವಷ್ಟು ಆಶ್ಚರ್ಯವಾಗಿತ್ತು ಅವರಿಗೆ. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಭೂಮಿಯ ಪಾಠ ನಡೆಯುವ ಕಡೆಯೇ ಭೂಮಿ ಅಷ್ಟು ಉಪಕಾರ ಮಾಡಲಿಲ್ಲ.

ಇನ್ಸ್‌ಪೆಕ್ಟರು ಮಾತ್ರ ನಗಲಿಲ್ಲ. "ನೀವೇ ಬರೆದಿರಿ, ನೀವೇ ಬಿಟ್ಟಿರಿ. ನಿಮಗೇನೂ ನಷ್ಟವಿಲ್ಲ. ಪರೀಕ್ಷೆಗೆ ಪ್ರಶ್ನೆ ಬರೋದು ಈ ಪುಸ್ತಕದಿಂದ. ಈ ಹುಡುಗಿ ಉತ್ತರಪತ್ರಿಕೆಯಲ್ಲಿ 'ನಾವು ನೋಡಿಲ್ಲ ಸಾ' ಅಂತ ಬರೆದು ಬಂದರೆ ಅಂಕ ಯಾರು ಕೊಡ್ತಾರೆ?" ಎಂದು ಹೊರಟುಹೋದರು.

ಅವರ ಮೇಲೆ ನನಗೆ ಬಹಳ ಕೋಪ ಬಂದಿತ್ತು. ಆದರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಗುಂಡು, ಬಸದಿ ಎಂದು ಖುಷಿಯಲ್ಲಿ ತೇಲುತ್ತ ಮಕ್ಕಳು ಪರೀಕ್ಷೆಯಲ್ಲಿ ಬರೆಯಬೇಕಾದ ಮಾತನ್ನೇ ನಾವು ಕೈಬಿಟ್ಟಿದ್ದೆವು.

ಹಿಂತಿರುಗುವಾಗ ಜೀಪಿನಲ್ಲಿ ಬಹಳ ದೂರ ಬಂದ ಮೇಲೆ ನಾಗಭೂಷಣರೇ ಹೇಳಿದರು. ಇಂಗ್ಲೆಂಡಿನಿಂದ ಬಂದ ಹೊಸದರಲ್ಲಿ ಆ ಪಾಠ ಬರೆದುಕೊಡಲು ಹೇಳಿದರಂತೆ. "ಆ ಬಿಳಿ ಬಂಡೆಗಳನ್ನ ನಾನು ಹಡಗಿನಿಂದ ಮೊದಲ ಸಲ ನೋಡಿದಾಗ ಅತ್ತುಬಿಟ್ಟಿದ್ದೆ ಚಂದ್ರಮತಿಯವರೇ. ನಾನು ನೋಡಿದ್ದನ್ನೇ ಬರೆದೆ. ಮಕ್ಕಳು ನೋಡಿಲ್ಲ ಅನ್ನೋದು ಹೊಳೀಲಿಲ್ಲ." ಕುರ್ಚಿಯಲ್ಲಿ ಕೂತು ಇಳಿಸಿದವನು ಅಂದಿದ್ದೆನಲ್ಲ, ಆ ಮಾತು ಈಗ ನನಗೇ ಚುಚ್ಚಿತು. ಅತ್ತೆ ತಂಬಿಗೆಯಿಂದ ನೀರು ಬಗ್ಗಿಸಿ ಅವರಿಗೆ ಕೊಟ್ಟರು.

ಪರೀಕ್ಷೆಯವರೆಗೆ ಚನ್ನರಾಯಪಟ್ಟಣ ಬಿಟ್ಟು ಬೇರೆಲ್ಲಿಗೂ ಹೋಗಲಿಲ್ಲ. ರುಬ್ಬುವ ಗುಂಡು ಕುದಿದು ಆರಿದ್ದು, ಅದು ಅಗ್ನಿಶಿಲೆ. ಬಳಪ ನೆಲದೊಳಗೆ ಬೆಂದು ಅದುಮಿಸಿಕೊಂಡು ರೂಪ ಬದಲಾಯಿಸಿದ್ದು, ಅದು ರೂಪಾಂತರಶಿಲೆ. ಜಲಜಶಿಲೆಗೆ ನಮ್ಮ ಕಡೆ ಉದಾಹರಣೆ ಸಿಗದೆ ನಾಗಭೂಷಣರು ತಲೆ ಕೆರೆದುಕೊಂಡರು. ಕೊನೆಗೆ ಮಕ್ಕಳನ್ನು ಒಣಗಿದ ಕೆರೆಯಂಗಳಕ್ಕೆ ಕರೆದುಕೊಂಡು ಹೋಗಿ, ಬಿರಿದ ಹೂಳಿನ ಹೆಂಟೆ ಎತ್ತಿ ಅದರ ಪದರ ತೋರಿಸಿ, "ಇದು ಇನ್ನೂ ಕಲ್ಲಾಗಿಲ್ಲ, ಆಗೋ ದಾರಿಯಲ್ಲಿದೆ" ಅಂದರು. "ಆಗಾಕೆ ಎಷ್ಟ್ ದಿನ ಬೇಕು ಸಾ?" ಎಂದು ಜಯಮ್ಮ ಕೇಳಿದಳು. "ನಿನ್ನ ಪರೀಕ್ಷೆ ಹೊತ್ತಿಗೆ ಆಗಲ್ಲ" ಅಂದರು.

ಪ್ರಶ್ನೆ ಬಂದೇ ಬಂತು. ಶಿಲೆಗಳ ವಿಧಗಳನ್ನು ಉದಾಹರಣೆ ಸಹಿತ ವಿವರಿಸಿ. ಜಯಮ್ಮ ಹೆಸರುಗಳನ್ನು ಪುಸ್ತಕದಂತೆ ಬರೆದು, ಉದಾಹರಣೆಗೆ ಗುಂಡು, ಕೆರೆ ಹೂಳು, ಬಳಪ ಎಂದು ಬರೆದು ಬಂದಳು. ಆ ಉತ್ತರಪತ್ರಿಕೆ ಯಾವ ಊರಿನ ಯಾವ ಮೇಷ್ಟರ ಕೈಗೆ ಹೋಯಿತೋ ತಿಳಿಯದು. ಫಲಿತಾಂಶ ಬರುವ ಹೊತ್ತಿಗೆ ನಾಗಭೂಷಣರಿಗೆ ಆ ಹೊಟ್ಟೆ ಉರಿತ ಮತ್ತೆ ಶುರುವಾಗಿತ್ತು. ಹುಡುಗಿ ಪಾಸಾದಳು. ಅವಳ ತಂದೆ ನಮ್ಮ ಮನೆಗೆ ಒಂದು ಕಟ್ಟು ಎಳೆಯ ವೀಳ್ಯದೆಲೆ ಕಳಿಸಿದರು. ಹೈಸ್ಕೂಲಿಗೂ ಕಳಿಸಿದರು.

ಯೋಜನೆಯ ಅವಧಿ ಅಲ್ಲಿಗೆ ಮುಗಿಯಿತು, ಜೀಪು ಬೆಂಗಳೂರಿಗೆ ಹೋಯಿತು. ನಾಗಭೂಷಣರು ಮಾತ್ರ ರಜೆ ಸಿಕ್ಕಾಗಲೆಲ್ಲ ಬಸ್ಸಿನಲ್ಲಿ ಹಾಸನಕ್ಕೆ ಬರುತ್ತಿದ್ದರು. ನಮ್ಮ ಹಜಾರದಲ್ಲಿ ಕೂತು ಇಬ್ಬರೂ ಆ ಪಾಠವನ್ನು ಮೊದಲಿನಿಂದ ಬರೆದೆವು. ನಾನು ಅವರ ಸಮಾಸಗಳನ್ನು ಒಡೆಯುತ್ತಿದ್ದೆ, ಅವರು ನನ್ನ ತಪ್ಪುಗಳನ್ನು ತಿದ್ದುತ್ತಿದ್ದರು. ಮೇಲಿನವರು ಅದನ್ನು ಒಪ್ಪಿದರು, ಕೆಲವು ವರ್ಷಗಳ ನಂತರ ಹೊಸ ಪುಸ್ತಕದಲ್ಲಿ ಅಚ್ಚಾಯಿತು. ಇಟಲಿಯೂ ಇಲ್ಲ, ಇಂಗ್ಲೆಂಡೂ ಇಲ್ಲ. ಅರಕಲಗೂಡಿನ ಗುಂಡುಕಲ್ಲು, ಜಿನನಾಥಪುರದ ಬಳಪ, ಚನ್ನರಾಯಪಟ್ಟಣದ ಕೆರೆ. ಹಿಗ್ಗಿನಲ್ಲಿ ನಮಗೆ ನೆಲ ಕಾಣುತ್ತಿರಲಿಲ್ಲ.

ಅರವತ್ತರ ದಶಕದ ಕೊನೆಯಲ್ಲಿ ಹಾಸನದಲ್ಲಿ ಬೇಸಿಗೆಯ ತರಬೇತಿ ಶಿಬಿರವಾಯಿತು. ರಾಜ್ಯ ಒಂದಾದ ಮೇಲೆ ಪುಸ್ತಕವೂ ಎಲ್ಲ ಕಡೆಗೆ ಒಂದೇ ಆಗಿದ್ದರಿಂದ ಬೇರೆ ಬೇರೆ ಜಿಲ್ಲೆಗಳ ಮೇಷ್ಟರುಗಳು ಬಂದಿದ್ದರು. ಎರಡನೆಯ ದಿನ ಉಡುಪಿಯ ಕಡೆಯಿಂದ ಬಂದಿದ್ದ ಶೀನಪ್ಪ ಮಾಸ್ತರರು ಊಟದ ಸಾಲಿನಲ್ಲಿ ನನ್ನ ಪಕ್ಕ ಕೂತರು.

"ಮೇಡಂ, ಈ ಕಲ್ಲಿನ ಪಾಠ ಬರೆದವರು ಯಾರು ಮಾರಾಯ್ರೇ? ಅರಕಲಗೂಡು ಎಲ್ಲಿ ಉಂಟು ಅಂತ ನಕಾಶೆಯಲ್ಲಿ ಹುಡುಕುವುದರಲ್ಲೇ ನನ್ನ ಒಂದು ಪೀರಿಯಡ್ ಹೋಯ್ತು. ನಮ್ಮ ಮಕ್ಕಳು ಅರಕಲಗೂಡಿನ ಗುಂಡುಕಲ್ಲು, ಅರಕಲಗೂಡಿನ ಗುಂಡುಕಲ್ಲು ಅಂತ ರಾಗವಾಗಿ ಬಾಯಿಪಾಠ ಮಾಡ್ತಾರೆ. ಅದೆಂತ ಸರ್, ದೇವಸ್ಥಾನವಾ ಅಂತ ಕೇಳಿದ ಒಬ್ಬ. ಬರೆದವರು ತಮ್ಮ ಊರು ಬಿಟ್ಟು ಆಚೆ ಹೋದವರಲ್ಲ, ಅಷ್ಟು ಗ್ಯಾರಂಟಿ."

ನಾಗಭೂಷಣರ ಹಾಗೆ ಹುಣಸೆಮರ ನೋಡೋಣವೆಂದರೆ ಎದುರಿಗೆ ಬರೀ ಗೋಡೆ. "ಬರೆದವರಲ್ಲಿ ನಾನೂ ಒಬ್ಬಳು" ಅಂದೆ. ಶೀನಪ್ಪನವರು ಸಾರು ಬಡಿಸುವವರನ್ನು ಕರೆಯುವ ನೆಪದಲ್ಲಿ ಆ ಕಡೆ ತಿರುಗಿದರು. ಸಾರು ಬಂದ ಮೇಲೆ ನಾನೇ ಕೇಳಿದೆ, "ನಿಮ್ಮ ಕಡೆ ಏನು ಕಲ್ಲು?"

"ನಮ್ಮಲ್ಲಿ ಎಲ್ಲ ಮುರಕಲ್ಲು."

"ಹಾಗಂದರೆ?"

ಅವರು ಭಾನುವಾರ ಊರಿಗೆ ಹೋಗಿ ಬರುವಾಗ ಬೈರಾಸಿನಲ್ಲಿ, ಅಂದರೆ ಹೆಗಲ ವಸ್ತ್ರದಲ್ಲಿ, ಸುತ್ತಿ ಒಂದು ಇಟ್ಟಿಗೆಯಷ್ಟು ದೊಡ್ಡ ಕಲ್ಲನ್ನು ಬಸ್ಸಿನಲ್ಲಿ ತಂದರು. ಕೆಂಪಗೆ, ಮೈಯೆಲ್ಲ ತೂತು. ಅಷ್ಟರಲ್ಲಿ ನಾಗಭೂಷಣರೂ ಶಿಬಿರಕ್ಕೆ ಬಂದಿದ್ದರು. ಶೀನಪ್ಪನವರನ್ನು ಹಲಗೆಯ ಮುಂದೆ ನಿಲ್ಲಿಸಿ ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ನೆಲದಿಂದ ತೆಗೆಯುವಾಗ ಕೊಡಲಿಯಲ್ಲಿ ಕಡಿಯುವಷ್ಟು ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ, ಊರಿನ ಮನೆಗಳೆಲ್ಲ ಇದರದ್ದೇ ಎಂದು ಅವರು ಬಹಳ ಚೆನ್ನಾಗಿ ಹೇಳಿದರು. ನಾನು ಕೈ ಎತ್ತಿ, ಇದು ಆ ಮೂರು ವಿಧಗಳಲ್ಲಿ ಯಾವುದು ಎಂದು ಕೇಳಿದೆ. ಅವರು ಪುಸ್ತಕ ತಿರುವಿದರು, ಕಲ್ಲು ತಿರುವಿದರು, ನಾಗಭೂಷಣರ ಮುಖ ನೋಡಿದರು.

"ಆ ಮೂರರಲ್ಲಿ ಯಾವುದರಲ್ಲೂ ಸರಿಯಾಗಿ ಕೂರಲ್ಲ" ಎಂದು ನಾಗಭೂಷಣರು ಎದ್ದು ನಿಂತರು. "ಬೇರೆ ಬಂಡೆ ಮಳೆಗೆ ಕೊಳೆತು ಕೊಳೆತು ಉಳಿದದ್ದು ಇದು. ಇದು ಪಾಠದಲ್ಲಿ ಇರಲೇಬೇಕಿತ್ತು." ಜೇಬಿನಿಂದ ಪೆನ್ನು ತೆಗೆದು, ಮುರಕಲ್ಲು ಅನ್ನುವುದನ್ನು ಹೇಗೆ ಬರೆಯುತ್ತೀರಿ ಎಂದು ಕೇಳಿದರು.

ಶೀನಪ್ಪ ಮಾಸ್ತರರು ಕಲ್ಲನ್ನು ಮತ್ತೆ ಬೈರಾಸಿನಲ್ಲಿ ಸುತ್ತತೊಡಗಿದರು. "ಬರೀಬೇಡಿ ಸಾರ್. ಪಾಪ, ಅರಕಲಗೂಡಿನ ಮಕ್ಕಳು ಬಾಯಿಪಾಠ ಮಾಡಬೇಕಾಗ್ತದೆ."

ನಾಗಭೂಷಣರು ಪೆನ್ನಿನ ಟೋಪಿ ಮುಚ್ಚಿದರು.